ಗೌನ್, ಗಾಗಲ್ಸ್, ಗ್ಲೌಸ್: ಯಾವುದನ್ನು ಮತ್ತೆ ಬಳಸಬಹುದು, ಹೇಗೆ ಶುದ್ಧಿ ಮಾಡಬೇಕು?

ದಾವಣಗೆರೆ, ಚಿತ್ರದುರ್ಗ ಕಡೆಯ ಸಣ್ಣ ಕ್ಲಿನಿಕ್, ಹಲ್ಲಿನ ಆಸ್ಪತ್ರೆ, ಲ್ಯಾಬ್, ನರ್ಸಿಂಗ್ ಹೋಮ್‌ಗಳಿಂದ ಮತ್ತೆ ಮತ್ತೆ ಬರುವ ಪ್ರಶ್ನೆಗಳು ಇವು. ಫೇಸ್ ಶೀಲ್ಡನ್ನು ಆಟೋಕ್ಲೇವ್‌ಗೆ (ಒತ್ತಡದ ಹಬೆಯಲ್ಲಿ ಕ್ರಿಮಿ ಕೊಲ್ಲುವ ಯಂತ್ರ) ಹಾಕಬಹುದಾ? ಎನ್95 ಮಾಸ್ಕ್ ತೊಳೆಯಬಹುದಾ? ಹೈಪೋ (ಕ್ಲೋರಿನ್ ದ್ರಾವಣವಾದ ಸೋಡಿಯಂ ಹೈಪೋಕ್ಲೋರೈಟ್) ಎಷ್ಟು, ನೀರು ಎಷ್ಟು? ಮೆಡಿಕಲ್ ಕಾಲೇಜಿನಂಥ ದೊಡ್ಡ ಆಸ್ಪತ್ರೆಯಲ್ಲಿ ಇದಕ್ಕೆಂದೇ ಒಂದು ವಿಭಾಗ, ತರಬೇತಾದ ಸಿಬ್ಬಂದಿ ಇರುತ್ತಾರೆ. ಈ ಲೇಖನ ಅಂಥ ಅನುಕೂಲವಿಲ್ಲದವರಿಗೆ: ಒಂದು ಆಟೋಕ್ಲೇವ್, ನಾಲ್ಕು ಬಕೆಟ್, ಒಬ್ಬ ಸಿಸ್ಟರ್, ಒಬ್ಬ ಆಯಾ ಇರುವ ಜಾಗಕ್ಕೆ.

ಮೊದಲೇ ಒಂದು ಮಾತು. ಆಟೋಕ್ಲೇವ್ ಸರಿಯಾಗಿ ಓಡಲಿಲ್ಲ ಎಂದು ದೂರುವವರೇ ಹೆಚ್ಚು. ಆದರೆ ಕೆಲಸ ಕೆಡುವುದು ಬಹುಪಾಲು ಅದಕ್ಕೂ ಮುಂಚೆ, ತೊಳೆಯುವ ಕಡೆ ಮತ್ತು ಗಂಟು ಕಟ್ಟುವ ಕಡೆ. ರಕ್ತ, ಕಫ, ಎಣ್ಣೆಯ ಪದರ ಉಳಿದ ವಸ್ತುವಿನ ಮೇಲೆ ಯಾವ ಔಷಧಿಯೂ ನೆಚ್ಚಿಕೊಳ್ಳುವಂತೆ ಕೆಲಸ ಮಾಡದು. ಕ್ಲೋರಿನ್ ಅಂತೂ ಕೊಳೆಯ ಜೊತೆಗೇ ಸೇರಿ ಖರ್ಚಾಗಿ ಹೋಗುತ್ತದೆ, ಕ್ರಿಮಿಯವರೆಗೆ ತಲುಪುವುದೇ ಇಲ್ಲ.

ಎರಡು ಪದಗಳ ವ್ಯತ್ಯಾಸ ತಿಳಿದಿರಲಿ. ಸ್ಟೆರಿಲೈಸ್ ಮಾಡುವುದೆಂದರೆ ಬ್ಯಾಕ್ಟೀರಿಯಾ, ವೈರಸ್ ಜೊತೆಗೆ ಗಟ್ಟಿ ಕವಚದ ಬೀಜಕಣಗಳನ್ನೂ (ಸ್ಪೋರ್) ಕೊಲ್ಲುವುದು. ಸೋಂಕು ನಿವಾರಣೆ ಎಂದರೆ ಬಹುತೇಕ ರೋಗಾಣುಗಳನ್ನು ಕೊಲ್ಲುವುದು, ಸ್ಪೋರ್ ಉಳಿಯಬಹುದು. ಆಪರೇಷನ್ ಗೌನಿಗೆ ಮೊದಲನೆಯದು ಬೇಕು. ಗಾಗಲ್ಸ್, ಫೇಸ್ ಶೀಲ್ಡ್, ಏಪ್ರನ್, ಗಮ್‌ಬೂಟಿಗೆ ಎರಡನೆಯದು ಸಾಕು. ಎಲ್ಲವನ್ನೂ ಸ್ಟೆರಿಲೈಸ್ ಮಾಡಲು ಹೋಗಿ ಎಲ್ಲವನ್ನೂ ಹಾಳು ಮಾಡಿಕೊಳ್ಳಬೇಡಿ.

ಹಂತ 1: ವಿಂಗಡಣೆ

ಮತ್ತೆ ಬಳಸಬಹುದಾದವು: ಕಾಟನ್ ಅಥವಾ ಪಾಲಿ-ಕಾಟನ್ ಗೌನ್, ಬಟ್ಟೆಯ ಟೋಪಿ, ಓಟಿ (ಆಪರೇಷನ್ ಥಿಯೇಟರ್) ಶೀಟು, ಗಾಗಲ್ಸ್, ಗಟ್ಟಿ ಫೇಸ್ ಶೀಲ್ಡ್, ರಬ್ಬರ್ ಅಥವಾ ದಪ್ಪ ಪ್ಲಾಸ್ಟಿಕ್ ಏಪ್ರನ್, ಗಮ್‌ಬೂಟು, ಕಸ ಎತ್ತಲು ಮತ್ತು ತೊಳೆಯಲು ಬಳಸುವ ದಪ್ಪ ರಬ್ಬರ್ ಗ್ಲೌಸ್.

ಒಂದೇ ಸಲಕ್ಕೆ ಮುಗಿದವು: ತೆಳು ಲೇಟೆಕ್ಸ್ ಮತ್ತು ನೈಟ್ರೈಲ್ ಗ್ಲೌಸ್, ಮೂರು ಪದರದ ಸರ್ಜಿಕಲ್ ಮಾಸ್ಕ್, ಮೈಯೆಲ್ಲ ಮುಚ್ಚುವ ಬಿಳಿ ಕವರಾಲ್, ತೆಳು ನಾನ್‌ವೋವನ್ (ನೇಯದ ಬಟ್ಟೆಯ) ಗೌನ್, ಶೂ ಕವರ್. ತೆಳು ಗ್ಲೌಸನ್ನು ತೊಳೆದು ಪೌಡರ್ ಹಾಕಿ ಆಟೋಕ್ಲೇವ್ ಮಾಡುವ ಹಳೆಯ ಪದ್ಧತಿ ಇನ್ನೂ ಕೆಲವು ಕಡೆ ಇದೆ. ಬಿಟ್ಟುಬಿಡಿ. ಪ್ರತಿ ಸಲ ತೊಳೆದಾಗಲೂ ಕಣ್ಣಿಗೆ ಕಾಣದ ತೂತುಗಳು ಹೆಚ್ಚುತ್ತವೆ. ಕವರಾಲ್‌ನ ಕಥೆಯೂ ಅಷ್ಟೇ: ಅದರ ಮೇಲಿನ ತೆಳು ಪಾಲಿಥಿನ್ ಪದರ ಸುಮಾರು 110 ಡಿಗ್ರಿಗೇ ಕರಗತೊಡಗುತ್ತದೆ, ಆಟೋಕ್ಲೇವ್ ಓಡುವುದು 121ರಲ್ಲಿ. ಹೊರಗೆ ಬಂದ ಕವರಾಲ್ ನೋಡಲು ಸರಿಯಿದ್ದರೂ ದ್ರವವನ್ನು ತಡೆಯುವುದಿಲ್ಲ.

ಎನ್95 ಬಗ್ಗೆ ಕೊನೆಯಲ್ಲಿ ಬೇರೆಯಾಗಿ ಹೇಳಿದೆ.

ಹಂತ 2: ಜಾಗ ಮತ್ತು ಸಾಮಾನು

ಕೊಳೆ ಬರುವ ಬಾಗಿಲು ಒಂದು ಕಡೆ, ಶುದ್ಧವಾದದ್ದು ಹೋಗುವ ಬಾಗಿಲು ಇನ್ನೊಂದು ಕಡೆ ಇದ್ದರೆ ಉತ್ತಮ. ಒಂದೇ ಕೋಣೆಯಾದರೆ ಎಡದಿಂದ ಬಲಕ್ಕೆ ಎಂದು ನಿಯಮ ಮಾಡಿ: ಎಡಗೋಡೆಗೆ ಕೊಳೆ ಬಕೆಟ್, ನಡುವೆ ತೊಳೆಯುವ ಸಿಂಕು, ಬಲಕ್ಕೆ ಒಣಗಿಸುವ ಸ್ಟ್ಯಾಂಡು. ತೊಳೆದದ್ದು ಮತ್ತೆ ಎಡಕ್ಕೆ ಹೋಗಕೂಡದು. ಕಿಟಕಿ ತೆರೆದಿರಲಿ.

ತೊಳೆಯುವವರಿಗೆ ದಪ್ಪ ಗ್ಲೌಸ್, ಏಪ್ರನ್, ಗಾಗಲ್ಸ್, ಮಾಸ್ಕ್, ಗಮ್‌ಬೂಟು ಬೇಕೇ ಬೇಕು. ಡಾಕ್ಟರಿಗೆ ರಕ್ಷಣೆ ಕೊಟ್ಟ ಗೌನನ್ನು ಆಯಾ ಬರಿಗೈಯಲ್ಲಿ ಹಿಂಡುವುದನ್ನು ಈಗಲೂ ಕಾಣುತ್ತೇವೆ. ಸೋಂಕಿನ ಅಪಾಯ ಹೆಚ್ಚು ಇರುವುದು ಆ ಕೈಗೇ.

ಸಾಮಾನಿನ ಪಟ್ಟಿ ಚಿಕ್ಕದು: ಮುಚ್ಚಳವಿರುವ ಪ್ಲಾಸ್ಟಿಕ್ ಬಕೆಟ್ (ಸ್ಟೀಲ್, ಅಲ್ಯೂಮಿನಿಯಂ ಬೇಡ, ಕ್ಲೋರಿನ್ ತಿಂದುಹಾಕುತ್ತದೆ), ಅಳತೆಯ ಜಗ್, ಬಟ್ಟೆ ಒಗೆಯುವ ಸಾದಾ ಡಿಟರ್ಜೆಂಟ್, ಮೆತ್ತನೆ ಬ್ರಷ್, ಸೋಡಿಯಂ ಹೈಪೋಕ್ಲೋರೈಟ್, 70 ಪರ್ಸೆಂಟ್ ಸ್ಪಿರಿಟ್, ಆಟೋಕ್ಲೇವ್ ಟೇಪು, ಒಂದು ರಿಜಿಸ್ಟರ್.

ಹಂತ 3: ಹೈಪೋ ಬೆರೆಸುವುದು

ತಪ್ಪು ಹೆಚ್ಚು ಆಗುವುದು ಇಲ್ಲೇ. ಮೆಡಿಕಲ್ ಸ್ಟೋರಿನಲ್ಲಿ ಸಿಗುವ ಕ್ಯಾನು ಸಾಮಾನ್ಯವಾಗಿ 5 ಪರ್ಸೆಂಟಿನದು, ಕೆಲವು 10 ಪರ್ಸೆಂಟಿನವು. ಲೇಬಲ್ ಓದದೆ ‘ಒಂದು ಮುಚ್ಚಳ’ ಲೆಕ್ಕ ಹಾಕಬೇಡಿ. ಸೂತ್ರ ಸುಲಭ: ಕ್ಯಾನಿನ ಪರ್ಸೆಂಟನ್ನು ನಿಮಗೆ ಬೇಕಾದ ಪರ್ಸೆಂಟಿನಿಂದ ಭಾಗಿಸಿ, ಅದರಲ್ಲಿ 1 ಕಳೆಯಿರಿ. ಬಂದದ್ದು, ಒಂದು ಪಾಲು ಹೈಪೋಗೆ ಎಷ್ಟು ಪಾಲು ನೀರು ಎಂಬುದು.

5 ಪರ್ಸೆಂಟ್ ಕ್ಯಾನಿನಿಂದ 10 ಲೀಟರ್ ಬಕೆಟ್‌ಗೆ:
ಬಟ್ಟೆ ನೆನೆಸಲು 0.05 ಪರ್ಸೆಂಟ್: ಹೈಪೋ 100 ಮಿ.ಲೀ., ನೀರು 9.9 ಲೀಟರ್.
ಗಾಗಲ್ಸ್, ಫೇಸ್ ಶೀಲ್ಡ್‌ಗೆ 0.1 ಪರ್ಸೆಂಟ್: ಹೈಪೋ 200 ಮಿ.ಲೀ., ನೀರು 9.8 ಲೀಟರ್.
ದಪ್ಪ ಗ್ಲೌಸ್, ಏಪ್ರನ್, ಗಮ್‌ಬೂಟಿಗೆ 0.5 ಪರ್ಸೆಂಟ್: ಹೈಪೋ 1 ಲೀಟರ್, ನೀರು 9 ಲೀಟರ್.
ಚೆಲ್ಲಿದ ರಕ್ತದ ಜಾಗಕ್ಕೆ, ಬಿಸಾಡುವ ವಸ್ತುವಿಗೆ 1 ಪರ್ಸೆಂಟ್: ಹೈಪೋ 2 ಲೀಟರ್, ನೀರು 8 ಲೀಟರ್.

ಕ್ಯಾನು 10 ಪರ್ಸೆಂಟಿನದಾದರೆ ಹೈಪೋ ಅರ್ಧಕ್ಕೆ ಇಳಿಸಿ, ಉಳಿದಷ್ಟು ನೀರು ತುಂಬಿ. ಹಳ್ಳಿ ಕಡೆ ಬ್ಲೀಚಿಂಗ್ ಪೌಡರ್ ಮಾತ್ರ ಸಿಗುತ್ತದೆಂದರೆ, 30 ಪರ್ಸೆಂಟ್ ಕ್ಲೋರಿನ್ ಇರುವ ಒಳ್ಳೆಯ ಪೌಡರಿನಲ್ಲಿ 10 ಲೀಟರಿಗೆ ಕ್ರಮವಾಗಿ 17, 33, 170, 330 ಗ್ರಾಂ. ಪೌಡರನ್ನು ಕಲಸಿ ಹದಿನೈದು ಇಪ್ಪತ್ತು ನಿಮಿಷ ಬಿಡಿ, ಸುಣ್ಣದಂಥ ಗಷ್ಟು ತಳಕ್ಕೆ ಕೂತ ಮೇಲೆ ಮೇಲಿನ ತಿಳಿಯನ್ನಷ್ಟೇ ಬಸಿದು ಬಳಸಿ. ಗಷ್ಟು ಸಮೇತ ಗಾಗಲ್ಸ್ ಮುಳುಗಿಸಿದರೆ ಗೆರೆ ಬೀಳುತ್ತದೆ.

ನಮ್ಮ ಕಡೆ ಬೇಸಿಗೆಯಲ್ಲಿ ಹೈಪೋ ಬೇಗ ಶಕ್ತಿ ಕಳೆದುಕೊಳ್ಳುತ್ತದೆ. ತಗಡಿನ ಶೆಡ್ಡಿನಲ್ಲೋ ಬಿಸಿಲು ಬೀಳುವ ಕಿಟಕಿಯ ಬಳಿಯೋ ಇಟ್ಟ ಕ್ಯಾನನ್ನು ನಂಬಬೇಡಿ. ಕೊಳ್ಳುವಾಗ ತಯಾರಾದ ತಾರೀಕು ನೋಡಿ. ಕತ್ತಲೆಯ ತಂಪು ಜಾಗದಲ್ಲಿ ಮುಚ್ಚಳ ಬಿಗಿ ಮಾಡಿ ಇಡಿ. ಬಾಯಿ ತೆರೆದ ಬ್ಲೀಚಿಂಗ್ ಪೌಡರ್ ಚೀಲವೂ ಹಾಗೆಯೇ, ಮಳೆಗಾಲದ ತೇವಕ್ಕೆ ಗಡ್ಡೆ ಕಟ್ಟಿದ್ದರೆ ಅದು ಚರಂಡಿಗೆ ಮಾತ್ರ ಲಾಯಕ್ಕು. ಬೆರೆಸಿದ ನೀರು ಆ ದಿನಕ್ಕಷ್ಟೇ. ಕೊಳೆಯಾದರೆ ಅದಕ್ಕೂ ಮುಂಚೆಯೇ ಚೆಲ್ಲಿ ಹೊಸದು ಮಾಡಿ.

ಎಚ್ಚರಿಕೆ: ಹೈಪೋಗೆ ಟಾಯ್ಲೆಟ್ ಕ್ಲೀನರ್, ಆಸಿಡ್, ವಿನೆಗರ್ ಬೆರೆಸಿದರೆ ಕ್ಲೋರಿನ್ ಅನಿಲ ಏಳುತ್ತದೆ. ಅಮೋನಿಯಾ ಇರುವ ಕ್ಲೀನರ್ ಬೆರೆತರೂ ವಿಷಾನಿಲವೇ. ‘ಜಾಸ್ತಿ ಸ್ಟ್ರಾಂಗ್ ಆಗಲಿ’ ಎಂದು ಯಾರೂ ಎರಡು ಬಾಟಲಿ ಸೇರಿಸದಂತೆ ಬಕೆಟ್ ಮೇಲೆಯೇ ಬರೆದು ಅಂಟಿಸಿ. ಬಿಸಿನೀರಿನಲ್ಲೂ ಬೆರೆಸಬೇಡಿ, ಶಕ್ತಿ ಬೇಗ ಇಳಿಯುತ್ತದೆ.

ಹಂತ 4: ಗಾಗಲ್ಸ್ ಮತ್ತು ಫೇಸ್ ಶೀಲ್ಡ್

ಸೋಪಿನ ನೀರಲ್ಲಿ ಮೊದಲು ಒಳಭಾಗ, ಆಮೇಲೆ ಹೊರಭಾಗ ಒರೆಸಿ ತೊಳೆಯಿರಿ. ಹೊರಗೆ ಮೊದಲು ಕೈ ಹಾಕಿದರೆ ಆ ಕೊಳೆ ಕಣ್ಣಿನ ಕಡೆಗೆ ಬರುತ್ತದೆ. ಸಾದಾ ನೀರಲ್ಲಿ ಜಾಲಿಸಿ. ಬಳಿಕ 0.1 ಪರ್ಸೆಂಟ್ ಹೈಪೋದಲ್ಲಿ 10 ನಿಮಿಷ ಪೂರ್ತಿ ಮುಳುಗಿರಲಿ. ತೇಲಿದರೆ ಮೇಲೊಂದು ಪ್ಲಾಸ್ಟಿಕ್ ತಟ್ಟೆ ಇಡಿ. ಮತ್ತೆ ಚೆನ್ನಾಗಿ ಜಾಲಿಸಿ ಒಣಗಿಸಿ. ಕ್ಲೋರಿನ್ ಉಳಿದರೆ ಹಾಕಿಕೊಂಡವರಿಗೆ ಕಣ್ಣುರಿ ಗ್ಯಾರಂಟಿ.

70 ಪರ್ಸೆಂಟ್ ಸ್ಪಿರಿಟಿನಲ್ಲಿ ಒರೆಸುವುದೂ ನಡೆಯುತ್ತದೆ. ಆದರೆ ದಿನಾ ಒರೆಸಿದರೆ ಪಾಲಿಕಾರ್ಬೊನೇಟ್ ಮಂಜಾಗುತ್ತದೆ, ಅಂಚಿನಲ್ಲಿ ಕೂದಲೆಳೆಯಂಥ ಬಿರುಕು ಬರುತ್ತದೆ, ಹಬೆ ಕಟ್ಟದಂತೆ ಹಚ್ಚಿದ ಲೇಪ ಹೋಗುತ್ತದೆ. ಫೇಸ್ ಶೀಲ್ಡಿನ ಹಣೆಪಟ್ಟಿಯ ಸ್ಪಂಜು ದೊಡ್ಡ ತಲೆನೋವು: ಬೆವರು, ಕಫ ಎರಡನ್ನೂ ಹೀರುತ್ತದೆ, ಒಳಗಿನವರೆಗೆ ಶುದ್ಧವಾಗದು. ಬಿಚ್ಚಿ ಬದಲಿಸುವಂಥದ್ದು ಕೊಳ್ಳಿ. ತೆಳು ಪಾರದರ್ಶಕ ಪಿಇಟಿ ಹಾಳೆಯ ಶೀಲ್ಡ್ 80 ಡಿಗ್ರಿಯ ಆಸುಪಾಸಿಗೇ ಮೆತ್ತಗಾಗಿ ಸುರುಳಿಯಾಗುತ್ತದೆ, ಕುದಿಯುವ ನೀರೂ ಬೇಡ, ಆಟೋಕ್ಲೇವೂ ಬೇಡ.

ಹಂತ 5: ದಪ್ಪ ಗ್ಲೌಸ್, ಏಪ್ರನ್, ಗಮ್‌ಬೂಟು

ಗ್ಲೌಸನ್ನು ಕೈಯಲ್ಲಿದ್ದಾಗಲೇ ಸೋಪಿನಲ್ಲಿ ತೊಳೆದು, ಬಿಚ್ಚಿ, 0.5 ಪರ್ಸೆಂಟ್ ಹೈಪೋದಲ್ಲಿ 10 ನಿಮಿಷ ಮುಳುಗಿಸಿ, ಜಾಲಿಸಿ ನೆರಳಿನಲ್ಲಿ ತಲೆಕೆಳಗಾಗಿ ನೇತುಹಾಕಿ. ಒಣಗಿದ ಮೇಲೆ ಮಣಿಕಟ್ಟಿನ ಕಡೆಯಿಂದ ಸುತ್ತುತ್ತಾ ಬನ್ನಿ: ಬೆರಳುಗಳು ಉಬ್ಬಬೇಕು. ಉಬ್ಬಿದ್ದು ಸೊರಗಿದರೆ ತೂತಿದೆ. ಏಪ್ರನ್, ಗಮ್‌ಬೂಟಿಗೂ ಇದೇ ಕ್ರಮ; ಬೂಟಿನ ಅಡಿಯ ಗೀರುಗಳಲ್ಲಿ ಬ್ರಷ್ ಆಡಿಸುವುದನ್ನು ಮರೆಯಬೇಡಿ.

ಹಂತ 6: ಗೌನ್ ಮತ್ತು ಓಟಿ ಬಟ್ಟೆ ಒಗೆಯುವುದು

ರಕ್ತದ ಕಲೆಗೆ ಮೊದಲು ತಣ್ಣೀರು. ಬಿಸಿನೀರು ಹಾಕಿದರೆ ರಕ್ತದ ಪ್ರೋಟೀನು ಗಟ್ಟಿಯಾಗಿ ನೂಲಿಗೆ ಕಚ್ಚಿಕೊಳ್ಳುತ್ತದೆ. ಬಟ್ಟೆಯನ್ನು ಜಾಡಿಸಬೇಡಿ. ಗಟ್ಟಿ ಕೊಳೆ ತೆಗೆದು, ಜೇಬು ಹುಡುಕಿ (ಸೂಜಿ, ಬ್ಲೇಡು ಸಿಗುವುದು ಅಪರೂಪವಲ್ಲ), ಡಿಟರ್ಜೆಂಟಿನಲ್ಲಿ ಒಗೆಯಿರಿ. ಹೀಟರ್ ಇರುವ ಮಷೀನಾದರೆ 60ರಿಂದ 90 ಡಿಗ್ರಿ. ಬಿಸಿ ಇಲ್ಲದ ಮಷೀನು ಅಥವಾ ಕೈ ಒಗೆತವಾದರೆ ಒಗೆದು ಜಾಲಿಸಿದ ಮೇಲೆ 0.05 ಪರ್ಸೆಂಟ್ ಹೈಪೋದಲ್ಲಿ 30 ನಿಮಿಷ ನೆನೆಸಿ, ಮತ್ತೆ ಜಾಲಿಸಿ. ಕ್ಲೋರಿನ್ ಕಾಟನ್ನನ್ನು ಸವೆಸುತ್ತದೆ, ಆದ್ದರಿಂದ ಇಡೀ ರಾತ್ರಿ ನೆನೆಯಲು ಬಿಡಬೇಡಿ.

ನಮ್ಮ ಕಡೆಯ ಬೋರ್‌ವೆಲ್ ನೀರಿನ ತೊಂದರೆ ಇಲ್ಲೂ ಉಂಟು. ಗಡಸು ನೀರಿನಲ್ಲಿ ಸೋಪು ನೊರೆ ಬರದೆ ಬಟ್ಟೆಯ ಮೇಲೆ ಬೂದು ಪದರ ಉಳಿಯುತ್ತದೆ, ಅದು ಕೊಳೆಯನ್ನೂ ಹಿಡಿದಿಡುತ್ತದೆ. ಬಾರ್ ಸೋಪಿನ ಬದಲು ಡಿಟರ್ಜೆಂಟ್ ಬಳಸಿ. ಕೊನೆಯ ಜಾಲಾಡುವಿಕೆಗಾದರೂ ನಲ್ಲಿಯ ಹೊಳೆ ನೀರು ಬಳಸಿ.

ಗಂಜಿ ಹಾಕಬೇಡಿ. ಇಸ್ತ್ರಿಯೂ ಬೇಡ. ಕೇಳಿದ ತಕ್ಷಣ ಸಿಸ್ಟರ್‌ಗಳು ಮುಖ ಸಿಂಡರಿಸುತ್ತಾರೆ, ಗೌನು ಗರಿಗರಿ ಇದ್ದರೇ ಚೆಂದ ಎಂಬುದು ರೂಢಿ. ಆದರೆ ಗಂಜಿ ನೂಲಿನ ನಡುವಿನ ಸಂದು ಮುಚ್ಚಿ ಹಬೆಗೆ ದಾರಿ ಕೊಡದು. ಇಸ್ತ್ರಿ ಮಾಡಿ ಪೂರಾ ಒಣಗಿದ ಬಟ್ಟೆ ಆಟೋಕ್ಲೇವ್‌ನಲ್ಲಿ ಹಬೆಯ ತೇವವನ್ನು ಎಳೆದುಕೊಂಡು ಅತಿಯಾಗಿ ಕಾಯುತ್ತದೆ. ಒಣ ಬಿಸಿಗೆ ಕ್ರಿಮಿ ಬೇಗ ಸಾಯದು, ಬಟ್ಟೆ ಮಾತ್ರ ಸುಟ್ಟ ಬಣ್ಣಕ್ಕೆ ತಿರುಗುತ್ತದೆ.

ಒಣಗಿಸುವುದು ರಸ್ತೆ ಧೂಳಿನಿಂದ ದೂರ. ಚಿತ್ರದುರ್ಗದ ಆಷಾಢದ ಗಾಳಿಗೆ ಟೆರೇಸಿನಲ್ಲಿ ಒಣಹಾಕಿದ ಗೌನು ಮಣ್ಣು ಹೊತ್ತುಕೊಂಡೇ ಕೆಳಗೆ ಬರುತ್ತದೆ. ಬಿಸಿಲಿಗೆ ಹಾಕುವುದು ಒಳ್ಳೆಯದೇ, ಆದರೆ ಬಿಸಿಲು ಸ್ಟೆರಿಲೈಸ್ ಮಾಡದು: ಕ್ರಿಮಿ ಕೊಲ್ಲಲು ಬಳಸುವ ಯುವಿ-ಸಿ ಕಿರಣ ನೆಲ ಮುಟ್ಟುವ ಮುಂಚೆಯೇ ವಾತಾವರಣದಲ್ಲಿ ತಡೆದುಹೋಗಿರುತ್ತದೆ.

ಒಣಗಿದ ಪ್ರತಿ ಗೌನನ್ನೂ ಬೆಳಕಿಗೆ ಹಿಡಿದು ನೋಡಿ. ಮುಂದೋಳು ಮತ್ತು ಹೊಟ್ಟೆಯ ಭಾಗ ಮೊದಲು ತೆಳುವಾಗುತ್ತದೆ. ಅಲ್ಲಿ ಬೆಳಕು ಜರಡಿಯಂತೆ ಕಂಡರೆ ಆ ಗೌನು ನೆಲ ಒರೆಸಲು. ಕಾಟನ್ ಗೌನು ದ್ರವ ತಡೆಯುವುದಿಲ್ಲ, ರಕ್ತ ಚಿಮ್ಮುವ ಕೆಲಸಕ್ಕೆ ಒಳಗೆ ಪ್ಲಾಸ್ಟಿಕ್ ಏಪ್ರನ್ ಬೇಕು.

ಹಂತ 7: ಗಂಟು ಕಟ್ಟುವುದು

ಎರಡು ಪದರ ಬಟ್ಟೆಯಲ್ಲಿ ಸಡಿಲವಾಗಿ ಸುತ್ತಿ. ಗಂಟು 30×30×50 ಸೆಂ.ಮೀ. ಮೀರಬಾರದು, ತೂಕ ಐದೂವರೆ ಕಿಲೋ ದಾಟಬಾರದು. ಸಣ್ಣ ಆಟೋಕ್ಲೇವ್‌ಗೆ ಇದರ ಅರ್ಧವೇ ಸರಿ. ಇಡ್ಲಿ ಪಾತ್ರೆಯಲ್ಲಿ ತಟ್ಟೆಯ ತೂತು ಮುಚ್ಚಿದರೆ ನಡುವಿನ ಇಡ್ಲಿ ಹಸಿಯೇ ಉಳಿಯುವ ಹಾಗೆ, ಬಿಗಿದು ಕಟ್ಟಿದ ಗಂಟಿನ ಹೊಟ್ಟೆಗೆ ಹಬೆ ಹೋಗದು. ಆಟೋಕ್ಲೇವ್ ಟೇಪಿನ ತುಂಡು ಹೊರಗೊಂದು, ನಟ್ಟನಡುವೆ ಒಂದು. ಡ್ರಮ್ಮಿನಲ್ಲಿ ಹಾಕುವವರು ಪಕ್ಕದ ತೂತುಗಳನ್ನು ತೆರೆದು ಒಳಗಿಡಿ, ಹೊರಗೆ ತೆಗೆದ ಕೂಡಲೇ ಮುಚ್ಚಿ. ತೆರೆಯುವುದನ್ನು ಮರೆತರೆ ಡ್ರಮ್ಮಿಗೆ ಬಿಸಿ ತಾಗಿದ್ದಷ್ಟೇ ಲಾಭ.

ಹಂತ 8: ಆಟೋಕ್ಲೇವ್ ಓಡಿಸುವುದು

ಇಲ್ಲಿ ಹೇಳುವುದು ಕುಕ್ಕರ್ ಮಾದರಿಯ, ಕೈಯಲ್ಲಿ ವಾಲ್ವ್ ತಿರುಗಿಸುವ ಆಟೋಕ್ಲೇವ್ ಬಗ್ಗೆ.

ನೀರನ್ನು ಗುರುತಿನವರೆಗೆ ತುಂಬಿ, ಹೀಟರ್ ಮುಳುಗಿರಬೇಕು. ಬೋರ್‌ವೆಲ್ ನೀರು ಹಾಕಿದರೆ ಹೀಟರ್ ಮೇಲೆ ಬಿಳಿ ಚಕ್ಕೆ ಕಟ್ಟಿ, ಕಾಯಲು ಹೊತ್ತು ಹಿಡಿದು, ಕೊನೆಗೆ ಕಾಯಿಲ್ ಸುಟ್ಟುಹೋಗುತ್ತದೆ. ಆರ್‌ಒ ಅಥವಾ ಡಿಸ್ಟಿಲ್ಡ್ ನೀರು ಹಾಕಿ. ಗಂಟುಗಳನ್ನು ನಿಲ್ಲಿಸಿ, ನಡುವೆ ಎರಡು ಬೆರಳು ಸಂದು ಬಿಟ್ಟು ಜೋಡಿಸಿ. ಗ್ಯಾಸ್ಕೆಟ್ ಬಿರುಕಿದೆಯೇ ನೋಡಿ. ಮುಚ್ಚಳದ ನಟ್ಟುಗಳನ್ನು ಎದುರುಬದುರಿನವು ಜೋಡಿಯಾಗಿ ಬಿಗಿಯಿರಿ.

ಈಗ ಮುಖ್ಯ ಸಂಗತಿ. ಹಬೆ ಬಿಡುವ ವಾಲ್ವನ್ನು ತೆರೆದೇ ಇಡಿ. ಹಬೆ ಬಿಟ್ಟುಬಿಟ್ಟು ಬರುವುದು ನಿಂತು ಒಂದೇ ಸಮನೆ ರಭಸವಾಗಿ ಬರತೊಡಗಿದ ಮೇಲೂ 10 ನಿಮಿಷ ಹಾಗೇ ಬಿಡಿ, ಆಮೇಲೆ ಮುಚ್ಚಿ. ಒಳಗಿನ ಗಾಳಿ ಹೊರಗೆ ಹೋಗದಿದ್ದರೆ ಗೇಜು (ಒತ್ತಡದ ಮಾಪಕ) ಚದರ ಇಂಚಿಗೆ 15 ಪೌಂಡು ತೋರಿಸಿದರೂ ಬಿಸಿ 121ಕ್ಕೆ ಏರದು. ಅರ್ಧ ಗಾಳಿ ಉಳಿದಿದ್ದರೆ ಸುಮಾರು 112 ಡಿಗ್ರಿ. ಗಾಳಿ ಬಿಡಲೇ ಇಲ್ಲವೆಂದರೆ ಸುಮಾರು 100. ಮುಳ್ಳು ಒತ್ತಡ ಹೇಳುತ್ತದೆ, ಬಿಸಿ ಹೇಳುವುದಿಲ್ಲ.

ಅದೇ ಕಾರಣಕ್ಕೆ ನಮ್ಮ ಊರುಗಳ ಎತ್ತರವೂ ಲೆಕ್ಕಕ್ಕೆ ಬರುತ್ತದೆ. ದಾವಣಗೆರೆ ಸಮುದ್ರಮಟ್ಟದಿಂದ ಸುಮಾರು 600 ಮೀಟರ್, ಚಿತ್ರದುರ್ಗ 700 ಮೀಟರಿಗೂ ಮೇಲೆ. ಇಲ್ಲಿ ಹೊರಗಿನ ಗಾಳಿಯ ಒತ್ತಡವೇ ಕಡಿಮೆ, ಆದ್ದರಿಂದ ಗೇಜಿನ 15 ಪೌಂಡಿಗೆ ಒಳಗಿನ ಬಿಸಿ 120ರ ಆಸುಪಾಸಿಗೆ ನಿಲ್ಲುತ್ತದೆ. ಯಂತ್ರದ ಕೈಪಿಡಿ ಒಪ್ಪುವುದಾದರೆ ದಾವಣಗೆರೆಯಲ್ಲಿ 16 ಪೌಂಡು, ಚಿತ್ರದುರ್ಗದಲ್ಲಿ 16ರ ಮೇಲೆ ಒಂಚೂರು ಇಡಿ. ತೂಕದ ವಿಷಲ್ ಇರುವ, ಒತ್ತಡ ಬದಲಿಸಲಾಗದ ಯಂತ್ರವಾದರೆ 10 ನಿಮಿಷ ಹೆಚ್ಚು ಓಡಿಸಿ. ಸೇಫ್ಟಿ ವಾಲ್ವನ್ನು ಬಿಗಿದು ಒತ್ತಡ ಏರಿಸುವ ಸಾಹಸ ಮಾತ್ರ ಬೇಡ. ಬರೀ ಕುದಿಸುವುದನ್ನು ನೆಚ್ಚಿದವರಿಗೂ ಇದು ಅನ್ವಯ: ಇಲ್ಲಿ ನೀರು ಸುಮಾರು 98 ಡಿಗ್ರಿಗೇ ಕುದಿಯುತ್ತದೆ, ಎಷ್ಟು ಹೊತ್ತು ಕುದಿಸಿದರೂ ಸ್ಪೋರ್ ಸಾಯುವ ಖಾತ್ರಿ ಇಲ್ಲ.

ಒತ್ತಡ ಮುಟ್ಟಿದ ಮೇಲೆ ಗಡಿಯಾರ ನೋಡಿ. ಗಂಟು ಕಟ್ಟಿದ ಬಟ್ಟೆಗೆ 121 ಡಿಗ್ರಿಯಲ್ಲಿ 30 ನಿಮಿಷ. ನಡುವೆ ಕರೆಂಟ್ ಹೋಯಿತೋ, ಮುಳ್ಳು ಕೆಳಗಿಳಿಯಿತೋ, ಮತ್ತೆ ಮೊದಲಿನಿಂದ 30 ನಿಮಿಷ. ಆಗಲೇ ಇಪ್ಪತ್ತು ಆಗಿತ್ತು, ಇನ್ನು ಹತ್ತು ಸಾಕು ಎಂಬ ಲೆಕ್ಕ ಇಲ್ಲಿ ನಡೆಯದು.

ಮುಳ್ಳು ಸೊನ್ನೆಗೆ ಬಂದ ಮೇಲೆ ವಾಲ್ವ್ ತೆರೆದು, ಮುಚ್ಚಳವನ್ನು ಒಂದು ಬೆರಳಷ್ಟು ಎತ್ತಿ 20ರಿಂದ 30 ನಿಮಿಷ ಹಾಗೇ ಬಿಡಿ. ಒಳಬಿಸಿಗೇ ಬಟ್ಟೆ ಒಣಗುತ್ತದೆ. ಬಿಸಿ ಗಂಟನ್ನು ತಣ್ಣನೆ ಕಡಪಾ ಕಲ್ಲಿನ ಮೇಲೆ ಇಟ್ಟರೆ ಅಡಿಯಲ್ಲಿ ನೀರೊಡೆಯುತ್ತದೆ, ಜಾಲರಿಯ ಮೇಲಿಡಿ. ಒದ್ದೆ ಗಂಟು ಸ್ಟೆರೈಲ್ ಅಲ್ಲ, ಅದೇ ತೇವದ ಮೂಲಕ ಹೊರಗಿನ ಕ್ರಿಮಿ ಒಳಗೆ ಇಳಿಯುತ್ತದೆ. ಆಮೇಲೂ ಅಷ್ಟೇ, ಗಂಟು ನೆಲಕ್ಕೆ ಬಿದ್ದರೆ, ಹರಿದರೆ, ಒದ್ದೆಯಾದರೆ ಮತ್ತೆ ಮೊದಲಿನಿಂದ.

ಹಂತ 9: ನಿಜವಾಗಿ ಆಯಿತೇ ಎಂದು ನೋಡುವುದು

ಟೇಪಿನ ಗೆರೆ ಕಪ್ಪಾಯಿತೆಂದರೆ ಗಂಟು ಬಿಸಿ ಹಬೆ ಕಂಡಿದೆ ಎಂದಷ್ಟೇ ಅರ್ಥ, ಸಾಕಷ್ಟು ಹೊತ್ತು ಕಂಡಿದೆ ಎಂದಲ್ಲ. ಬಿಸಿ, ಹಬೆ, ಸಮಯ ಮೂರನ್ನೂ ಅಳೆಯುವ ಐದನೇ ದರ್ಜೆಯ ಇಂಡಿಕೇಟರ್ ಪಟ್ಟಿಯನ್ನು ಗಂಟಿನ ನಡುವೆ ಇಡುವುದು ಇನ್ನೂ ನಂಬಿಗಸ್ತ. ವಾರಕ್ಕೊಮ್ಮೆ ಸ್ಪೋರ್ ಪರೀಕ್ಷೆ ಮಾಡಿ: ಜಿಯೊಬ್ಯಾಸಿಲಸ್ ಸ್ಟಿಯರೊಥರ್ಮೊಫಿಲಸ್ ಎಂಬ ಶಾಖ ತಡೆಯುವ ಬ್ಯಾಕ್ಟೀರಿಯಾದ ಸ್ಪೋರ್ ಇರುವ ಪುಟ್ಟ ಸೀಸೆಯನ್ನು ಹಬೆ ತಲುಪಲು ಕಷ್ಟವಾದ ಜಾಗದಲ್ಲಿಟ್ಟು ಓಡಿಸಿ, ಆಮೇಲೆ 56 ಡಿಗ್ರಿಯ ಆಸುಪಾಸಿನ ಇನ್‌ಕ್ಯುಬೇಟರಿನಲ್ಲಿಡಬೇಕು. ಆಟೋಕ್ಲೇವ್‌ಗೆ ಹಾಕದ ಇನ್ನೊಂದು ಸೀಸೆಯನ್ನೂ ಜೊತೆಗಿಡಿ, ಅದರ ಬಣ್ಣ ಬದಲಾಗಲೇಬೇಕು. ಆಟೋಕ್ಲೇವ್ ಕಂಡು ಬಂದದ್ದರ ಬಣ್ಣವೂ ಬದಲಾದರೆ ಸ್ಪೋರ್ ಬದುಕಿದೆ. ಆಗ ಹಿಂದಿನ ಸರಿ ಬಂದ ಪರೀಕ್ಷೆಯ ನಂತರದ ಗಂಟುಗಳನ್ನೆಲ್ಲ ವಾಪಸು ತರಿಸಬೇಕಾಗುತ್ತದೆ. ಅದಕ್ಕಾಗಿಯೇ ರಿಜಿಸ್ಟರ್: ತಾರೀಕು, ಎಷ್ಟನೇ ಲೋಡು, ಏನಿತ್ತು, ಎಷ್ಟು ಒತ್ತಡ, ಶುರು-ಮುಗಿತ, ಸಹಿ. ಗಂಟಿನ ಮೇಲೂ ಅದೇ ಲೋಡು ನಂಬರ್.

ಎನ್95 ಮಾತು

ಎನ್95 ತಡೆಯುವುದು ಬರೀ ಜಾಲರಿಯಂತೆ ಅಲ್ಲ. ನಡುವಿನ ಮೆಲ್ಟ್‌ಬ್ಲೋನ್ ಪದರದ ಎಳೆಗಳಿಗೆ ವಿದ್ಯುದಂಶ ತುಂಬಿರುತ್ತದೆ, ಅದು ಸೂಕ್ಷ್ಮ ಕಣವನ್ನು ಸೆಳೆದು ಹಿಡಿಯುತ್ತದೆ. ಸ್ಪಿರಿಟ್ ಸಿಂಪಡಿಸಿದರೆ, ಸೋಪಿನಲ್ಲಿ ತೊಳೆದರೆ ಆ ಅಂಶ ಹೋಗುತ್ತದೆ. ಮಾಸ್ಕ್ ನೋಡಲು ಹೊಸದರಂತೆಯೇ ಇರುತ್ತದೆ. ಆಟೋಕ್ಲೇವ್ ಮಾಡಿದರೆ ಆಕಾರ ಸಡಿಲವಾಗಿ ಮೂಗಿನ ಬದಿಯಿಂದ ಗಾಳಿ ನುಗ್ಗಬಹುದು. 2020ರಲ್ಲಿ ಕೊರತೆ ಬಿದ್ದಾಗ ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಹೈಡ್ರೋಜನ್ ಪೆರಾಕ್ಸೈಡ್ ಆವಿಯ ಯಂತ್ರಗಳಿಗೆ ತುರ್ತು ಅನುಮತಿ ಕೊಟ್ಟಿತ್ತು. ಮಾಸ್ಕ್ ಸಿಗತೊಡಗಿದ ಮೇಲೆ 2021ರಲ್ಲಿ ಹಿಂದಕ್ಕೆ ಪಡೆಯಿತು. ಹಾಗಾಗಿ ಸಾಮಾನ್ಯ ದಿನಗಳಲ್ಲಿ ಉತ್ತರ ಒಂದೇ: ಮರುಬಳಕೆ ಬೇಡ.

ನಿಜವಾಗಿಯೂ ಕೊರತೆ ಇದ್ದಾಗ ಮಾತ್ರ ಸರದಿ ಪದ್ಧತಿ. ಒಬ್ಬರಿಗೆ ಐದು ಮಾಸ್ಕ್, 1ರಿಂದ 5 ನಂಬರು, ಹೆಸರು ಬರೆದ ಐದು ಕಾಗದದ ಕವರು. ಪ್ಲಾಸ್ಟಿಕ್ ಕವರು ಬೇಡ, ತೇವ ಆರುವುದಿಲ್ಲ. ಇವತ್ತು ಹಾಕಿದ್ದು ಮತ್ತೆ ಮುಖಕ್ಕೆ ಬರುವುದು ಐದು ದಿನ ಬಿಟ್ಟು. ಒಂದು ಮಾಸ್ಕನ್ನು ಐದು ಸಲಕ್ಕಿಂತ ಹೆಚ್ಚು ಹಾಕಬೇಡಿ. ಒದ್ದೆಯಾದದ್ದು, ರಕ್ತ ತಾಗಿದ್ದು, ಲಾಡಿ ಸಡಿಲವಾದದ್ದು ನೇರ ಕಸಕ್ಕೆ. ಟಿಬಿ ರೋಗಿಗಳ ನಡುವೆ ದಿನವಿಡೀ ಕೆಲಸ ಮಾಡುವವರಿಗೆ ಫಿಲ್ಟರ್ ಬದಲಿಸುವ ರಬ್ಬರ್ ಅಥವಾ ಸಿಲಿಕೋನ್ ಮಾಸ್ಕ್ ಕೊಳ್ಳುವುದೇ ವಾಸಿ. ಫಿಲ್ಟರ್ ಬಿಚ್ಚಿ ಮುಖಭಾಗವನ್ನು ತೊಳೆಯಬಹುದು.

ಕೊಳ್ಳುವ ಮುಂಚೆ ಎರಡು ಸಲ ಯೋಚಿಸಬೇಕಾದ್ದು: ಅಗ್ಗದ ಯುವಿ ಡಬ್ಬಿ. ಕಿರಣ ನೇರ ಬಿದ್ದ ಕಡೆ ಮಾತ್ರ ಕೆಲಸ, ಮಡಿಕೆಯ ನೆರಳಲ್ಲಿ ಏನೂ ಇಲ್ಲ. ಫಾರ್ಮಾಲಿನ್ ಮಾತ್ರೆ ಹಾಕಿದ ಪೆಟ್ಟಿಗೆಯನ್ನು ಇನ್ನೂ ಇಟ್ಟುಕೊಂಡಿರುವವರು ತೆಗೆದುಬಿಡಿ. ಅದರ ಆವಿ ಕ್ಯಾನ್ಸರ್‌ಕಾರಕ, ಕೆಲಸವೂ ನೆಚ್ಚುವಂಥದ್ದಲ್ಲ.

ಬಿಸಾಡುವಾಗ

2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದಂತೆ ಬಣ್ಣ ನೋಡಿ ಹಾಕಿ. ಗ್ಲೌಸ್, ಗಾಗಲ್ಸ್, ಫೇಸ್ ಶೀಲ್ಡ್, ಪ್ಲಾಸ್ಟಿಕ್ ಏಪ್ರನ್ ಕೆಂಪು ಚೀಲಕ್ಕೆ. ಮಾಸ್ಕ್, ಎನ್95, ಟೋಪಿ, ಶೂ ಕವರ್, ಬಿಸಾಡುವ ಗೌನ್ ಹಳದಿಗೆ. ಗ್ಲೌಸಿನ ಬೆರಳು, ಮಾಸ್ಕಿನ ಲಾಡಿ ಕತ್ತರಿಸಿ ಹಾಕಿದರೆ ಅದು ತೊಳೆದು ಮತ್ತೆ ಮಾರುಕಟ್ಟೆಗೆ ಬರದು. ಹಳದಿ ಚೀಲವನ್ನು 48 ಗಂಟೆಗಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ, ತ್ಯಾಜ್ಯದ ಗಾಡಿ ಬರುವ ದಿನಕ್ಕೆ ಹೊಂದಿಸಿಕೊಂಡು ಬಾಯಿ ಕಟ್ಟಿಡಿ.